ಸೊನ್ನೆಯ ಕೆಳಗೆ

ಮಂಚದ ಉದ್ದ ನೂರ ಎಪ್ಪತ್ತೆರಡು ಸೆಂಟಿಮೀಟರ್.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು
ಈ ಗಾಡಿಯೊಳಗೆ ಗಾದೆಯಲ್ಲ, ಅಳತೆ.
ಬ್ಯಾಟರಿಗೂ ಅದೇ ಮಾತು ಅಂದ ಔಲಾ,
ಇವಾಲೋ ಊರಾಚೆ, ಹಿಮಬಂಡಿ ರಿಪೇರಿಯ ಶೆಡ್ಡಿನಲ್ಲಿ
ಟೋಪಿಯ ಮಡಿಕೆಯಿಂದ ಪೆನ್ಸಿಲು ತೆಗೆಯುತ್ತ.
ಮೊದಲು ಖರ್ಚು ಬರಿ, ಆಮೇಲೆ ಆಸೆ.

ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಇನ್ನೂರು ಮಕ್ಕಳಿಗೆ ಗುರುವಾರ ಗುರುವಾರ
ಬಟಾಣಿ ಸಾರು ಅಳೆದು ಬಡಿಸಿದವಳು ನಾನು.
ಇದೇನು ಮಹಾ ಎಂದು ರಟ್ಟಿನ ಚೂರಿನ ಮೇಲೆ ಬರೆದೆ:
ಡೀಸೆಲ್ ಹೀಟರಿನ ಫ್ಯಾನು, ದಿನಕ್ಕೆ ಇಪ್ಪತ್ತನಾಲ್ಕು ಆಂಪ್-ಅವರ್.
ದೀಪ ಆರು. ಫೋನು ಮೂರು.
ನೀರಿನ ಪಂಪು ಒಂದು, ರೇಡಿಯೋಗೆ ಇನ್ನೊಂದು.
ಫ್ರಿಜ್ಜಿನ ಎದುರು ಅವನೇ ಸೊನ್ನೆ ಸುತ್ತಿದ:
ಜನವರಿಯಲ್ಲಿ ಬಾಗಿಲಾಚೆ ಇರುವುದೆಲ್ಲ ಫ್ರಿಜ್ಜೇ.

ಅಣ್ಣ ಆಹ್ತಿ ಕೊಟ್ಟ ಸೋಲಾರ್ ಹಲಗೆಯನ್ನು
ಔಲಾ ಬೆರಳಿನಿಂದ ತಟ್ಟಿ ಗೋಡೆಗೆ ಒರಗಿಸಿದ.
ಬೇಸಿಗೆಗೆ ಸರಿ. ಡಿಸೆಂಬರಿಗೆ
ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲವಲ್ಲ ತಾಯಿ,
ಹಿಮ ಬಡಿಸಿಕೊಳ್ಳಲು ಒಂದು ತಟ್ಟೆ ಇದು.
ಎಂಜಿನ್ನಿನಿಂದ ಎಳೆದುಕೋ. ನಡುವೆ ಒಂದು ಚಾರ್ಜರ್.
ಗಂಟೆ ಓಡಿಸಿದರೆ ದಿನದ ಕೂಳು, ಹತ್ತಿರ ಹತ್ತಿರ.

ಸೀಸದ್ದೇ ಸಾಕು ಅಂದಿದ್ದ ಆಹ್ತಿ, ತನ್ನ ದೋಣಿಯ ಆಣೆಯಾಗಿ.
ಇನ್ನೂರ ನಲವತ್ತು ಯೂರೋ. ಲಿಥಿಯಂ ಎಂಟುನೂರ ತೊಂಬತ್ತು.
ಸೀಸದ್ದು ಇಳಿದುಹೋದ ದೊಡ್ಡ ಮನೆತನದ ಹಾಗೆ ಅಂದ ಔಲಾ,
ನೂರರ ಹೆಸರು, ಐವತ್ತರ ಬದುಕು.
ಅರ್ಧ ದಾಟಿ ಕೇಳಿದೆಯೋ, ಮುನಿಸಿಕೊಂಡು ಆಯಸ್ಸು ಕಡಿಮೆ ಮಾಡಿಕೊಳ್ಳುತ್ತೆ.
ಮೂವತ್ತು ಕಿಲೋ ಬೇರೆ. ಎತ್ತು ನೋಡುವ.
ಎತ್ತಿದೆ. ಸಾರಿನ ಹಂಡೆ ಎತ್ತಿದ ಸೊಂಟ.
ಇಳಿಸಿದೆ.

ಲಿಥಿಯಮ್ಮೇ ಸರಿ ಎಂದು
ಗಾಡಿಯ ಹೊಟ್ಟೆಯಡಿ, ಹೊರಗೆ, ಒಂದು ಪೆಟ್ಟಿಗೆ ಬರೆದು ತೋರಿಸಿದೆ.
ಅವನು ಪೆನ್ಸಿಲು ಕೆಳಗಿಟ್ಟ.
ಸೊನ್ನೆಗಿಂತ ಕೆಳಗೆ ಹೋದರೆ ಇದು
ಕೊಡುತ್ತೆ, ತಗೊಳ್ಳೋದಿಲ್ಲ.
ಮೈ ಮರಗಟ್ಟಿದಾಗಲೂ ದೀಪ ಉರಿಸುತ್ತೆ.
ತುಂಬಿಸಲು ಹೋದರೆ ಒಳಗೇ ಹಾಳಾಗುತ್ತೆ.

ಶೆಡ್ಡಿನ ಒಲೆಯಲ್ಲಿ ಬರ್ಚ್ ಕಟ್ಟಿಗೆ ಒಮ್ಮೆ ಸಿಡಿಯಿತು.

ತಂಗಿ ಲಾಹ್ಯಾ ಹೋದ ಚಳಿಗಾಲ
ಒಂದು ದಿನವೂ ರಜೆ ಹಾಕದೆ ಬಡಿಸಿದೆ.
ಸೈಮಿ ಮೆಟ್ಟಿಲ ಮೇಲೆ ಮೀನಿನ ಸಾರು ಇಟ್ಟು ಹೋಗುತ್ತಿದ್ದಳು,
ಪಾತ್ರೆಗೆ ಉಣ್ಣೆಯ ಶಾಲು ಸುತ್ತಿ.
ಸಂಜೆ ಹಾಗೇ ವಾಪಸು ಇಟ್ಟು ಬರುತ್ತಿದ್ದೆ ಅವಳ ಮೆಟ್ಟಿಲ ಮೇಲೆ,
ಮುಚ್ಚಳ ತೆಗೆಯದೆ, ಶಾಲು ಬಿಚ್ಚದೆ.
ಮೂರನೇ ಸಲದ ನಂತರ ಅವಳು ತರಲಿಲ್ಲ.

ಎಲ್ಲಿ ಮಲಗುತ್ತೀ, ಅಲ್ಲೇ ಇಡು ಅಂದ ಔಲಾ.
ಮಂಚದಡಿ. ಹೀಟರಿನ ಕೊಳವೆ ಪಕ್ಕದಲ್ಲಿ ಹಾಯಲಿ.
ನಿನಗೆ ಬೆಚ್ಚಗಿದ್ದರೆ ಅದಕ್ಕೂ ಬೆಚ್ಚಗೆ.
ಬ್ಯಾಟರಿಯಿಂದ ಗೇಣಿನೊಳಗೆ ಫ್ಯೂಸು, ಮರೆಯಬೇಡ,
ಗಾಡಿ ಉಳಿಯಲೆಂದು ತಾನು ಸುಡುವ ತುಂಡು ಅದು,
ಅದರಲ್ಲಿ ಜಿಪುಣತನ ಬೇಡ. ತಂತಿಯಲ್ಲೂ ಬೇಡ.
ಕೂಲಿಗೆ ದುಡ್ಡು ತಗೊಂಡ, ಫ್ಯೂಸಿಗೆ ತಗೊಳ್ಳಲಿಲ್ಲ.
ಬೇಡ ಎನ್ನಲು ಬಾಯಿ ತೆರೆದವಳು
ಜೇಬಿಗೆ ಹಾಕಿಕೊಂಡೆ.

ಇನಾರಿ ಸರೋವರದ ದಂಡೆ, ಮೈನಸ್ ಮೂವತ್ತೊಂದು.
ರಾತ್ರಿಯಿಡೀ ಮಂಜುಗಡ್ಡೆ ದೂರದಲ್ಲೆಲ್ಲೋ
ಹೆಬ್ಬಾಗಿಲು ಎಳೆದ ಹಾಗೆ ಸದ್ದು ಮಾಡಿತು.
ಎರಡು ಸಲ ಎದ್ದು ಟಾರ್ಚು ಹಿಡಿದು ನೋಡಿದೆ,
ಹಸುಗೂಸು ಮಲಗಿದೆಯೋ ಎಂದು ನೋಡುವವರ ಹಾಗೆ:
ಮಂಚದಡಿ ಒಂಬತ್ತು ಡಿಗ್ರಿ.
ಬೆಳಿಗ್ಗೆ ಎಂಜಿನ್ ಕೆಮ್ಮಿ ಹತ್ತಿಕೊಂಡಿತು.
ಪುಟ್ಟ ಪರದೆಯ ಮೇಲೆ ಬಾಣ ತಿರುಗಿತು, ಒಳಮುಖವಾಗಿ.
ಇಪ್ಪತ್ತೆಂಟು ಆಂಪ್.
ನೋಡುತ್ತ ಕೂತೆ, ಕನ್ನಡಿಯ ಹಿಮ ಕರಗುವ ತನಕ.

ಸೈಮಿಯ ಮನೆಗೆ ಇಲ್ಲಿಂದ ನಲವತ್ತು ನಿಮಿಷ.
ಗಾಡಿಯಲ್ಲಿ ಇರುವುದು ಒಂದೇ ಪಾತ್ರೆ.
ಪಕ್ಕದ ಸೀಟಿನ ಮೇಲೆ ಇಟ್ಟು ಬೆಲ್ಟು ಹಾಕಿದೆ,
ಖಾಲಿಯಾಗಿಯೇ.